ಬೂಷ್ಟಿಗಿಂತ ತಡವೇ ಹೆಚ್ಚು ಕೊಲ್ಲುತ್ತದೆ

ಮಾನ್ಯ ಸಂಪಾದಕರೇ,

ಮೆಕ್ಕೆಜೋಳದ ಒಕ್ಕಣೆ ಕಾಲ ಬಂದಿದೆ. ದಾವಣಗೆರೆ ಎಪಿಎಂಸಿ ಪ್ರಾಂಗಣದಲ್ಲಿ, ಜಗಳೂರು, ಹೊನ್ನಾಳಿ ಕಡೆಯ ರಸ್ತೆಗಳ ಅಂಚಿನಲ್ಲಿ ರಾಶಿ ಹರವಿದ್ದಾರೆ. ಅತ್ತ ಚಳ್ಳಕೆರೆ, ಹಿರಿಯೂರು ಭಾಗದಲ್ಲಿ ಶೇಂಗಾ ಬಿಡಿಸುವ ಕೆಲಸ. ರಸ್ತೆ ಮೇಲಿನ ರಾಶಿಯಿಂದ ಬೈಕ್ ಸವಾರರು ಜಾರಿ ಬೀಳುವ ಬಗ್ಗೆ ದೂರುಗಳು ಬರುತ್ತಲೇ ಇರುತ್ತವೆ. ನಾವು ಬರೆಯುತ್ತಿರುವುದು ಅದೇ ರಾಶಿಯಿಂದ ಏಳುವ ದೂಳಿನಲ್ಲಿನ ಬೂಷ್ಟಿನ ಬಗ್ಗೆ. ಅದೂ ಎಲ್ಲರಿಗಾಗಿ ಅಲ್ಲ; ಮೈಯ ರೋಗನಿರೋಧಕ ಶಕ್ತಿ ಕುಗ್ಗಿದವರ ಮನೆಯವರಿಗೆ ಮತ್ತು ಅಂಥವರನ್ನು ಮೊದಲು ನೋಡುವ ನಮ್ಮದೇ ವೃತ್ತಿಯವರಿಗೆ.

ಮಳೆಗೆ ನೆಂದ ತೆನೆಯ ಮೇಲೆ ಹಳದಿ-ಹಸಿರು ಪುಡಿಯಂತೆ ಕೂರುವುದು ಆಸ್ಪರ್ಜಿಲಸ್. ತಿಪ್ಪೆಯಲ್ಲಿ, ಕೊಳೆತ ಹಣ್ಣಿನಲ್ಲಿ, ನಾಲ್ಕು ದಿನದ ಬ್ರೆಡ್ಡಿನ ಮೇಲೆ ಬೂದು ಹತ್ತಿಯಂತೆ ಏಳುವುದು ರೈಜೋಪಸ್. ಇವುಗಳ ಬೀಜಕಗಳು ದಿನಕ್ಕೆ ನೂರಾರು ಲೆಕ್ಕದಲ್ಲಿ ಉಸಿರಿನೊಂದಿಗೆ ನಮ್ಮೆಲ್ಲರ ಒಳಗೆ ಹೋಗುತ್ತವೆ. ಶ್ವಾಸಕೋಶದ ಭಕ್ಷಕ ಕೋಶಗಳು ಅವನ್ನು ನುಂಗಿಬಿಡುತ್ತವೆ. ತಪ್ಪಿಸಿಕೊಂಡ ಬೀಜಕ ಮೊಳೆತು ಎಳೆ ಬಿಟ್ಟರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಆ ಎಳೆಯನ್ನು ಕೊಲ್ಲುತ್ತವೆ. ಈ ಎರಡು ಕಾವಲಿನಲ್ಲಿ ಒಂದು ಸಡಿಲವಾದರೂ ಬೂಷ್ಟಿಗೆ ಅವಕಾಶ ಸಿಕ್ಕಿತೆಂದೇ ಲೆಕ್ಕ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ವಾರಗಟ್ಟಲೆ ಸ್ಟೀರಾಯ್ಡ್ ನುಂಗುವವರು, ಕಿಮೊಥೆರಪಿಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಸಿಡಿ4 ಎಂಬ ರಕ್ಷಕ ಬಿಳಿ ರಕ್ತಕಣಗಳ ಎಣಿಕೆ ಕುಸಿದಿರುವ ಎಚ್‌ಐವಿ ಸೋಂಕಿತರು, ಐಸಿಯುನಲ್ಲಿ ಬಹಳ ದಿನ ಮಲಗಿದವರು: ಇವರೇ ಆ ಗುಂಪು. ಇದಕ್ಕೆ ಸೇರದವರು ಈ ಪತ್ರ ಓದಿ ಕಣಕ್ಕೆ ಹೋಗಲು ಹೆದರಬೇಕಿಲ್ಲ.

2021ರಲ್ಲಿ, ರೈಜೋಪಸ್‌ನಂಥ ಮ್ಯೂಕರ್ ಗುಂಪಿನ ಬೂಷ್ಟಿನ ಸೋಂಕಿಗೆ ‘ಕಪ್ಪು ಶಿಲೀಂಧ್ರ’ ಎಂದು ಊರೆಲ್ಲ ಮಾತಾಯಿತು. ಆ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿ ಇದನ್ನು ಕಡ್ಡಾಯವಾಗಿ ವರದಿ ಮಾಡುವ ರೋಗವೆಂದು ಸಾರಲು ರಾಜ್ಯಗಳಿಗೆ ಸೂಚಿಸಿತು. ಜೂನ್ 28ರ ಹೊತ್ತಿಗೆ ಕೇಂದ್ರ ಆರೋಗ್ಯ ಸಚಿವರು ಕೊಟ್ಟ ಲೆಕ್ಕ ಹೀಗಿತ್ತು: ದೇಶದಲ್ಲಿ 40,845 ಪ್ರಕರಣ, 3,129 ಸಾವು, 26,187 ಮಂದಿಗೆ ಸಕ್ಕರೆ ಕಾಯಿಲೆ, 21,523 ಮಂದಿ ಸ್ಟೀರಾಯ್ಡ್ ಪಡೆದವರು. ಆಗ ಈರುಳ್ಳಿ ಸಿಪ್ಪೆಯ ಮೇಲಿನ ಕಪ್ಪು, ಫ್ರಿಜ್ಜಿನ ರಬ್ಬರಿನ ಮೇಲಿನ ಕಪ್ಪು ಇದಕ್ಕೆ ಕಾರಣ ಎಂದು ವಾಟ್ಸಾಪಿನಲ್ಲಿ ಹರಿದಾಡಿತು. ಜನ ಫ್ರಿಜ್ ಉಜ್ಜಿದರು, ಶುಗರ್ ಪರೀಕ್ಷಿಸಿಕೊಳ್ಳಲಿಲ್ಲ. ಕೊರೊನಾ ಅಲೆ ಇಳಿಯಿತು, ಸುದ್ದಿಯೂ ಇಳಿಯಿತು. ಆ ಲೆಕ್ಕದಲ್ಲಿ ಮುಖ್ಯವಾಗಿದ್ದ ಸಕ್ಕರೆ ಮತ್ತು ಸ್ಟೀರಾಯ್ಡ್ ಮಾತ್ರ ಎಲ್ಲೂ ಹೋಗಿಲ್ಲ. ಹಾಗಾಗಿ ರೋಗವೂ ಹೋಗಿಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮ್ಯೂಕರ್ ಗುಂಪಿನ ಈ ಶಿಲೀಂಧ್ರ ಕಪ್ಪಲ್ಲ. ಕಪ್ಪಾಗುವುದು ಸತ್ತ ಮಾಂಸ. ಇದರ ಎಳೆಗಳು ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಗುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಮುಂದಿನ ಭಾಗಕ್ಕೆ ರಕ್ತವಿಲ್ಲದೆ ಅದು ಒಣಗಿ ಕಪ್ಪಾಗುತ್ತದೆ. ಚಿಕಿತ್ಸೆಯ ಅರ್ಧ ತರ್ಕ ಇಲ್ಲೇ ಇದೆ: ರಕ್ತ ಹೋಗದ ಕಡೆಗೆ ರಕ್ತನಾಳದ ಮೂಲಕ ಕೊಟ್ಟ ಔಷಧವೂ ಹೋಗುವುದಿಲ್ಲ. ಆದ್ದರಿಂದ ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ‘ಇಂಜೆಕ್ಷನ್‌ನಲ್ಲೇ ವಾಸಿ ಮಾಡಿ, ಆಪರೇಷನ್ ಬೇಡ’ ಎನ್ನುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆಯವರನ್ನೇ ಇದು ಹುಡುಕಿಕೊಂಡು ಬರುವುದಕ್ಕೂ ಕಾರಣವಿದೆ. ಶುಗರ್ ಬಹಳ ಏರಿ ಕೀಟೋನ್ ಸೇರಿಕೊಂಡಾಗ ರಕ್ತ ಆಮ್ಲೀಯವಾಗುತ್ತದೆ. ಸಾಮಾನ್ಯವಾಗಿ ಪ್ರೋಟೀನಿಗೆ ಅಂಟಿಕೊಂಡಿರುವ ಕಬ್ಬಿಣದ ಅಂಶ ಬಿಡಿಯಾಗುತ್ತದೆ. ಈ ಶಿಲೀಂಧ್ರಕ್ಕೆ ಕಬ್ಬಿಣವೆಂದರೆ ಗೊಬ್ಬರ. ಮೇಲಿಂದ, ಅದೇ ಸ್ಥಿತಿಯಲ್ಲಿ ಬಿಳಿ ರಕ್ತಕಣಗಳು ಮಂಕಾಗಿರುತ್ತವೆ.

ಲಕ್ಷಣಗಳಲ್ಲಿ ನೆನಪಿಡಬೇಕಾದ ಮಾತು ‘ಒಂದೇ ಬದಿ’. ಒಂದೇ ಬದಿಯ ಕೆನ್ನೆ ನೋವು ಅಥವಾ ಜೋಮು, ಒಂದೇ ಹೊಳ್ಳೆ ಕಟ್ಟಿ ಅದರಿಂದ ರಕ್ತ ಬೆರೆತ ಅಥವಾ ಕಂದು-ಕಪ್ಪು ಸಿಂಬಳ, ಒಂದೇ ಬದಿಯ ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದು, ಒಂದೇ ಕಣ್ಣಿನ ರೆಪ್ಪೆ ಊದುವುದು ಅಥವಾ ಜೋಲು ಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು. ನೆಗಡಿ ಸಾಮಾನ್ಯವಾಗಿ ಎರಡೂ ಹೊಳ್ಳೆ ಕಟ್ಟುತ್ತದೆ; ಇದು ಹಾಗಲ್ಲ. ರೋಗಿ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಹತ್ತಿರ, ಇಲ್ಲವೇ ಸೈನಸ್ ಎಂದುಕೊಂಡು ಮೆಡಿಕಲ್ ಶಾಪಿಗೆ. ಹಲ್ಲು ಕಿತ್ತ ಗಾಯ ಮಾಯುವುದೇ ಇಲ್ಲ, ಆಂಟಿಬಯೋಟಿಕ್ ಎರಡು ಸಲ ಬದಲಾಗುತ್ತದೆ, ಅಷ್ಟರಲ್ಲಿ ವಾರ ಕಳೆದಿರುತ್ತದೆ. ಈ ಸೋಂಕಿನಲ್ಲಿ ವಾರವೆಂದರೆ ಮೂಗಿನಿಂದ ಕಣ್ಣಿನ ಗೂಡಿಗೆ, ಅಲ್ಲಿಂದ ಮೆದುಳಿನ ಬುಡಕ್ಕೆ ಹೋಗಲು ಸಾಕಾಗುವಷ್ಟು ಕಾಲ.

ಹೋಬಳಿ ಮಟ್ಟದ ಕ್ಲಿನಿಕ್ಕಿನಲ್ಲೂ ಆಗುವ ನಾಲ್ಕು ಕೆಲಸಗಳಿವೆ: ಗ್ಲುಕೋಮೀಟರಿನಲ್ಲಿ ಶುಗರ್, ಮೂತ್ರದಲ್ಲಿ ಕೀಟೋನ್ ಪಟ್ಟಿ, ಟಾರ್ಚ್ ಹಿಡಿದು ಬಾಯಿಯ ಅಂಗುಳ ನೋಡುವುದು, ಕೆನ್ನೆಯ ಎರಡೂ ಬದಿಗೆ ಹತ್ತಿಯ ಎಳೆ ತಾಗಿಸಿ ಸ್ಪರ್ಶ ಒಂದೇ ಸಮ ಇದೆಯೇ ಎಂದು ಕೇಳುವುದು. ಐದು ನಿಮಿಷ ಹಿಡಿಯುವುದಿಲ್ಲ. ಅಂಗುಳದಲ್ಲಿ ಬಿಳಿಚಿದ ಅಥವಾ ಕಪ್ಪು ಕಲೆ ಕಂಡರೆ ಮರುದಿನ ಬನ್ನಿ ಎನ್ನದೆ, ಅವತ್ತೇ ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಕಳಿಸಬೇಕು. ಕಪ್ಪು ಕಾಣಲಿಲ್ಲವೆಂದು ಸುಮ್ಮನಾಗುವುದೂ ಸರಿಯಲ್ಲ; ಕಪ್ಪಾಗುವುದು ತಡವಾದ ಹಂತ.

ಇನ್ನು ನಮಗೆ ಹೆಚ್ಚು ಬೇಸರ ತರಿಸುವ ವಿಷಯ, ಪರೀಕ್ಷೆಗೆ ಕಳಿಸುವ ತುಣುಕು. ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ಮಾಂಸದ ತುಣುಕು ತೆಗೆಯುತ್ತಾರೆ. ಅಭ್ಯಾಸಬಲದಿಂದ ಅದನ್ನು ಇಡಿಯಾಗಿ ಫಾರ್ಮಾಲಿನ್ ಬಾಟಲಿಗೆ ಹಾಕಿದರೆ ಶಿಲೀಂಧ್ರ ಸತ್ತಿತು. ಇನ್ನು ಅದನ್ನು ಬೆಳೆಸಿ ಜಾತಿ ಗುರುತಿಸಲು ಆಗದು, ವರದಿ ಬರಲು ಮೂರ್ನಾಲ್ಕು ದಿನ. ತುಣುಕನ್ನು ಎರಡು ಭಾಗ ಮಾಡಬೇಕು: ಒಂದು ಫಾರ್ಮಾಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದು ಸ್ಟೆರೈಲ್ ಬಾಟಲಿಯಲ್ಲಿ, ಒಣಗದಿರಲು ಒಂದೆರಡು ಹನಿ ನಾರ್ಮಲ್ ಸಲೈನ್ ಹಾಕಿ, ಮೈಕ್ರೋಬಯಾಲಜಿಗೆ. ಎರಡನೆಯದನ್ನು ಒಬ್ಬರು ಕೈಯಲ್ಲೇ ಒಯ್ದು ಕೊಡಬೇಕು, ಸಂಜೆಯ ಟ್ರೇಗೆ ಕಾಯಿಸಬಾರದು. ಪ್ರಯೋಗಾಲಯದಲ್ಲಿ ಇದನ್ನು ಅರೆಯಬಾರದು. ಈ ಶಿಲೀಂಧ್ರದ ಎಳೆಯಲ್ಲಿ ಅಡ್ಡಗೋಡೆಗಳಿಲ್ಲದ ಕಾರಣ ಅರೆದರೆ ಅದು ಹರಿದು ಸಾಯುತ್ತದೆ, ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಬ್ಲೇಡಿನಿಂದ ಸಣ್ಣಗೆ ಕೊಚ್ಚಿದರೆ ಸಾಕು. ಬರೀ ಮೂಗಿನ ಸ್ವಾಬ್ ಕಳಿಸಿ ‘ಶಿಲೀಂಧ್ರ ಇಲ್ಲ’ ಎಂಬ ವರದಿ ನೆಚ್ಚಿಕೊಳ್ಳುವುದು ಇನ್ನೊಂದು ತಪ್ಪು. ಶಿಲೀಂಧ್ರ ಪತ್ತೆಗೆಂದು ರಕ್ತದಲ್ಲಿ ಮಾಡುವ ಗ್ಯಾಲಕ್ಟೋಮನ್ನಾನ್ ಮತ್ತು ಬೀಟಾ-ಡಿ-ಗ್ಲೂಕಾನ್ ಪರೀಕ್ಷೆಗಳೂ ಮ್ಯೂಕರ್ ಹಿಡಿಯುವುದಿಲ್ಲ. ಅವು ನೆಗೆಟಿವ್ ಬಂದರೆ ಸಮಾಧಾನಪಡಲು ಕಾರಣವಿಲ್ಲ.

ಅವತ್ತೇ ಉತ್ತರ ಕೊಡುವ ಪರೀಕ್ಷೆ ಬಹಳ ಅಗ್ಗದ್ದು. 20 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕಾಳುಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿಕೊಂಡರೆ ದ್ರಾವಣ ಸಿದ್ಧ. ಕಾಳನ್ನು ನೀರಿಗೆ ಸ್ವಲ್ಪಸ್ವಲ್ಪವೇ ಹಾಕಬೇಕು, ಬಿಸಿಯಾಗುತ್ತದೆ. ಗಾಜಿನ ಬಿರಡೆ ಕಚ್ಚಿಕೊಳ್ಳುವುದರಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಗಟ್ಟಿ ಮುಚ್ಚಿಡಬೇಕು. ಸ್ಲೈಡಿನ ಮೇಲೆ ಕೊಚ್ಚಿದ ತುಣುಕು, ಅದರ ಮೇಲೆ ಒಂದು ಹನಿ, ಕವರ್‌ಸ್ಲಿಪ್, ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಮಾಂಸ ಕರಗಿ ಎಳೆಗಳು ಉಳಿಯುತ್ತವೆ. ಅಗಲವಾದ, ರಿಬ್ಬನ್ ಮಡಚಿದಂತಹ, ಅಡ್ಡಗೋಡೆ ಇಲ್ಲದ, ಸುಮಾರು ಲಂಬಕೋನದಲ್ಲಿ ಕವಲೊಡೆಯುವ ಎಳೆ ಕಂಡರೆ ಮ್ಯೂಕರ್. ಸಪೂರವಾದ, ಅಡ್ಡಗೋಡೆ ಇರುವ, ಸುಮಾರು 45 ಡಿಗ್ರಿಯಲ್ಲಿ ಕವಲೊಡೆಯುವ ಎಳೆಯಾದರೆ ಆಸ್ಪರ್ಜಿಲಸ್ ಕಡೆ ಯೋಚಿಸಬೇಕು. ಈ ವ್ಯತ್ಯಾಸ ಪುಸ್ತಕದ ಬದನೆಕಾಯಿ ಅಲ್ಲ. ಆಸ್ಪರ್ಜಿಲಸ್‌ಗೆ ಮೊದಲ ಔಷಧವಾದ ವೋರಿಕೊನಝೋಲ್ ಮ್ಯೂಕರ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ.

ಮ್ಯೂಕರ್‌ಗೆ ಕೊಡುವುದು ಆಂಫೋಟೆರಿಸಿನ್ ಬಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹೆಸರು ಒಂದೇ, ಪ್ರಮಾಣ ಬೇರೆ ಬೇರೆ. ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಸೇರಿಸಿದ ಲೈಪೋಸೋಮಲ್ ಬಗೆಯಾದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿ.ಗ್ರಾಂ, ಮೆದುಳಿಗೆ ಹೋಗಿದ್ದರೆ 10 ಮಿ.ಗ್ರಾಂವರೆಗೆ. ಹಳೆಯ ಸಾದಾ ಬಗೆಯಾದರೆ ಕಿಲೋಗೆ 1ರಿಂದ 1.5 ಮಿ.ಗ್ರಾಂ ಮಾತ್ರ. ಸಾದಾ ಔಷಧವನ್ನು ಲೈಪೋಸೋಮಲ್ ಪ್ರಮಾಣದಲ್ಲಿ ಕೊಟ್ಟರೆ ಹೃದಯ ನಿಂತುಹೋಗಬಹುದು. ಚೀಟಿಯಲ್ಲಿ ಬರೀ ‘ಆಂಫೋ’ ಎಂದು ಬರೆಯುವ ಅಭ್ಯಾಸ ಬಿಡಬೇಕು. 60 ಕಿಲೋ ತೂಕದವರಿಗೆ 5 ಮಿ.ಗ್ರಾಂ ಲೆಕ್ಕದಲ್ಲಿ 300 ಮಿ.ಗ್ರಾಂ, ಅಂದರೆ 50 ಮಿ.ಗ್ರಾಂನ ಆರು ವಯಲ್, ದಿನಾ, ವಾರಗಟ್ಟಲೆ. ಮನೆಯವರಿಗೆ ಮೊದಲ ದಿನವೇ ಈ ಲೆಕ್ಕ ಹೇಳಿಬಿಟ್ಟರೆ ಅರ್ಧದಲ್ಲಿ ಔಷಧ ತುಂಡಾಗುವುದು ತಪ್ಪುತ್ತದೆ.

ವಾರ್ಡಿನ ನರ್ಸ್‌ಗಳಿಗೆ ಒಂದು ಮಾತು. ಆಂಫೋಟೆರಿಸಿನ್ ಯಾವುದೇ ಬಗೆಯದಾಗಲಿ, ಬೆರೆಸುವುದು 5 ಶೇಕಡಾ ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ. ಸಲೈನ್ ತಾಗಿದರೆ ಔಷಧ ಹರಳುಗಟ್ಟುತ್ತದೆ. ಲೈಪೋಸೋಮಲ್ ವಯಲ್‌ಗೆ ಇಂಜೆಕ್ಷನ್‌ಗೆ ಬಳಸುವ ನೀರು 12 ಮಿ.ಲೀ. ಹಾಕಿ ಅರ್ಧ ನಿಮಿಷ ಜೋರಾಗಿ ಕುಲುಕಬೇಕು, ಜೊತೆಗೆ ಬರುವ ಫಿಲ್ಟರಿನ ಮೂಲಕ ಡೆಕ್ಸ್‌ಟ್ರೋಸ್‌ಗೆ ಬಿಡಬೇಕು, ಸುಮಾರು ಎರಡು ಗಂಟೆಯಲ್ಲಿ ಹೋಗಬೇಕು. ಸಾದಾ ಬಗೆಯಾದರೆ 50 ಮಿ.ಗ್ರಾಂಗೆ 500 ಮಿ.ಲೀ. ಡೆಕ್ಸ್‌ಟ್ರೋಸ್, ನಾಲ್ಕರಿಂದ ಆರು ಗಂಟೆ. ಕಿಡ್ನಿ ಉಳಿಸಲು ಔಷಧಕ್ಕೆ ಮುಂಚೆ ಅರ್ಧದಿಂದ ಒಂದು ಲೀಟರ್ ನಾರ್ಮಲ್ ಸಲೈನ್ ಕೊಡುತ್ತೇವೆ. ಇಲ್ಲೇ ಎಡವಟ್ಟಾಗುವುದು: ಅದೇ ಡ್ರಿಪ್ ಸೆಟ್ಟಿಗೆ ನೇರವಾಗಿ ಆಂಫೋಟೆರಿಸಿನ್ ಜೋಡಿಸುತ್ತಾರೆ. ಮಧ್ಯೆ ಡೆಕ್ಸ್‌ಟ್ರೋಸ್ ಹರಿಸಿ ಕೊಳವೆ ತೊಳೆಯಬೇಕು. ಚಳಿ ನಡುಕ ಬಂದರೆ ವೇಗ ತಗ್ಗಿಸಿ, ವೈದ್ಯರನ್ನು ಕರೆಯಿರಿ. ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಕುಸಿಯುವುದು, ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್ ಏರುವುದು ಬಹುತೇಕ ಖಚಿತ. ಮೊದಲ ವಾರವಾದರೂ ದಿನ ಬಿಟ್ಟು ದಿನ ರಕ್ತ ನೋಡಬೇಕು. ಪೊಟ್ಯಾಸಿಯಂ ನೋಡದೆ ಹೃದಯ ಬಡಿತ ತಪ್ಪಿದ ರೋಗಿಯ ಸಾವನ್ನು ಬೂಷ್ಟಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ರೋಗ ಹಿಮ್ಮೆಟ್ಟಿದ ಮೇಲೆ ಪೋಸಕೊನಝೋಲ್ ಮಾತ್ರೆಗೆ ಬದಲಿಸುತ್ತಾರೆ: ಮೊದಲ ದಿನ 300 ಮಿ.ಗ್ರಾಂ ಎರಡು ಸಲ, ಆಮೇಲೆ ದಿನಕ್ಕೊಂದು ಸಲ, ಊಟದ ಜೊತೆ, ತಿಂಗಳುಗಟ್ಟಲೆ. ಮನೆಗೆ ಹೋದ ಮೇಲೆ ಮಾತ್ರೆ ನಿಲ್ಲಿಸಿಬಿಡುವವರು ಬಹಳ.

ಸ್ಟೀರಾಯ್ಡ್ ವಿಷಯಕ್ಕೆ ಬರೋಣ. ಇದು ಕೆಟ್ಟ ಔಷಧವಲ್ಲ. ಆಸ್ತಮಾ, ಲೂಪಸ್, ಕಸಿ ಮಾಡಿದ ಕಿಡ್ನಿ, ಇವೆಲ್ಲದರಲ್ಲಿ ಜೀವ ಉಳಿಸುತ್ತದೆ. ತೊಂದರೆ ಇರುವುದು ಲೆಕ್ಕವಿಲ್ಲದೆ ನುಂಗುವುದರಲ್ಲಿ. ಮಂಡಿನೋವಿಗೆಂದು ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ, ‘ಶಕ್ತಿ ಗುಳಿಗೆ’, ಮೂರೇ ದಿನದಲ್ಲಿ ಹಸಿವು ಏರಿಸಿ ಮುಖ ದುಂಡಗೆ ಮಾಡುವ ಕಷಾಯ: ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆಯನ್ನು ಯಾವಾಗಲೂ ಲೆಕ್ಕಕ್ಕೆ ಹಿಡಿಯಬೇಕು. ಹಳೆ ಚೀಟಿ ತೋರಿಸಿ ಡೆಕ್ಸಾಮೆಥಾಸೋನ್ ತರುವವರಿಗೂ ಒಂದು ಹೋಲಿಕೆ ತಿಳಿದಿರಲಿ: 0.75 ಮಿ.ಗ್ರಾಂ ಡೆಕ್ಸಾ 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. 4 ಮಿ.ಗ್ರಾಂನ ಚಿಕ್ಕ ಗುಳಿಗೆಯೊಂದು 26-27 ಮಿ.ಗ್ರಾಂ ಪ್ರೆಡ್ನಿಸೊಲೋನ್ ನುಂಗಿದ ಹಾಗೆ. ಗುಳಿಗೆ ಚಿಕ್ಕದೆಂದು ಪರಿಣಾಮ ಚಿಕ್ಕದಲ್ಲ.

ಬೆಳಿಗ್ಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರ ಶುಗರ್ ಏರುವುದು ಮಧ್ಯಾಹ್ನ, ಸಂಜೆ. ಖಾಲಿ ಹೊಟ್ಟೆಯ ಪರೀಕ್ಷೆ ನಾರ್ಮಲ್ ಬರಬಹುದು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿಸಿ. ಈ ಒಂದು ಸಣ್ಣ ಬದಲಾವಣೆ ಎಷ್ಟೋ ಅಡಗಿರುವ ಸಕ್ಕರೆಯನ್ನು ಹೊರತರುತ್ತದೆ. ಇದನ್ನು ಓದಿ ಗಾಬರಿಯಾಗಿ ಗುಳಿಗೆಯನ್ನು ಇವತ್ತೇ ಬಿಸಾಡಬೇಡಿ: ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರಲ್ಲಿ ಮೈಯ ಸ್ವಂತ ಸ್ಟೀರಾಯ್ಡ್ ತಯಾರಿ ಮಲಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪುವುದು ಆಗಬಹುದು. ವೈದ್ಯರ ಲೆಕ್ಕದ ಪ್ರಕಾರ ಹಂತಹಂತವಾಗಿ ಇಳಿಸಬೇಕು.

ದಿನಕ್ಕೆ 20 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ನಾಲ್ಕು ವಾರ ದಾಟುವುದಿದ್ದು, ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಕಾಯಿಲೆ ಅಥವಾ ಔಷಧವೂ ಇದ್ದರೆ, ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕನ್ನು ತಡೆಯಲು ಕೋಟ್ರೈಮಾಕ್ಸಝೋಲ್ ಕೊಡುವುದು ಪದ್ಧತಿ: ಡಬಲ್ ಸ್ಟ್ರೆಂತ್ ಮಾತ್ರೆ ದಿನಕ್ಕೊಂದು ಅಥವಾ ವಾರಕ್ಕೆ ಮೂರು. ಸಲ್ಫಾ ಅಲರ್ಜಿ ಕೇಳಿಕೊಳ್ಳಬೇಕು, ಕಿಡ್ನಿ ದುರ್ಬಲವಿದ್ದರೆ ಪೊಟ್ಯಾಸಿಯಂ ಏರದಂತೆ ನೋಡಬೇಕು. ಈ ಸೋಂಕಿನ ಗುರುತು ಒಣ ಕೆಮ್ಮು, ನಡೆದರೆ ಏದುಸಿರು. ಎಕ್ಸ್‌ರೇ ಮೊದಮೊದಲು ಚೆನ್ನಾಗಿಯೇ ಕಾಣಬಹುದು. ಕೂತಾಗ ಆಮ್ಲಜನಕ 96 ಇದ್ದವರನ್ನು ವರಾಂಡದಲ್ಲಿ ಎರಡು ಸುತ್ತು ನಡೆಸಿ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಕುಸಿತ ಕಾಣುತ್ತದೆ. ಇದೂ ಶಿಲೀಂಧ್ರವೇ, ಆದರೆ ಇದರ ಪೊರೆಯಲ್ಲಿ ಶಿಲೀಂಧ್ರ ಔಷಧಗಳ ಗುರಿಯಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಇಲ್ಲದ್ದರಿಂದ ಫ್ಲುಕೊನಝೋಲ್, ಆಂಫೋಟೆರಿಸಿನ್ ಎರಡೂ ನಡೆಯುವುದಿಲ್ಲ. ಚಿಕಿತ್ಸೆಗೂ ಅದೇ ಅಗ್ಗದ ಕೋಟ್ರೈಮಾಕ್ಸಝೋಲ್, ದೊಡ್ಡ ಪ್ರಮಾಣದಲ್ಲಿ, 21 ದಿನ.

ಕ್ಷಯದ ಕೋರ್ಸ್ ಮುಗಿಸಿದವರಲ್ಲಿ ಇನ್ನೊಂದು ಬಗೆ. ಟಿಬಿ ವಾಸಿಯಾದರೂ ಶ್ವಾಸಕೋಶದಲ್ಲಿ ಪೊಳ್ಳು ಉಳಿದಿರುತ್ತದೆ. ಆ ಪೊಳ್ಳಿನಲ್ಲಿ ಆಸ್ಪರ್ಜಿಲಸ್ ನಿಧಾನಕ್ಕೆ ಬೆಳೆಯುತ್ತದೆ, ಕೆಲವೊಮ್ಮೆ ಉಂಡೆಯಾಗಿ ಕೂರುತ್ತದೆ. ಮೂರು ತಿಂಗಳು ಮೀರಿದ ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ. ನೋಡಿದವರೆಲ್ಲ ಟಿಬಿ ಮರುಕಳಿಸಿತು ಎನ್ನುತ್ತಾರೆ. ಕಫದಲ್ಲಿ ಟಿಬಿ ರೋಗಾಣು ಇಲ್ಲದಿದ್ದರೂ ಮತ್ತೆ ಆರು ತಿಂಗಳು ಟಿಬಿ ಮಾತ್ರೆ ಶುರುವಾಗುತ್ತದೆ. ಟಿಬಿಯ ಜೀನ್ ಪರೀಕ್ಷೆ ವಾಸಿಯಾದವರಲ್ಲೂ ಸತ್ತ ರೋಗಾಣುವಿನಿಂದ ಪಾಸಿಟಿವ್ ತೋರಿಸಬಹುದೆಂಬುದೂ ಈ ಗೊಂದಲಕ್ಕೆ ಸೇರುತ್ತದೆ. ಸಿಟಿ ಸ್ಕ್ಯಾನ್ ಜೊತೆಗೆ ಆಸ್ಪರ್ಜಿಲಸ್ ಐಜಿಜಿ ಎಂಬ ರಕ್ತಪರೀಕ್ಷೆ ಮಾಡಿಸಿದರೆ ದಾರಿ ಸಿಗುತ್ತದೆ. ಚಿಕಿತ್ಸೆ ಇಟ್ರಾಕೊನಝೋಲ್ 200 ಮಿ.ಗ್ರಾಂ ದಿನಕ್ಕೆರಡು ಬಾರಿ, ಕನಿಷ್ಠ ಆರು ತಿಂಗಳು. ಸಾದಾ ಕ್ಯಾಪ್ಸೂಲ್ ಹೊಟ್ಟೆಯ ಹುಳಿಯಲ್ಲೇ ಕರಗಬೇಕು. ಆದ್ದರಿಂದ ಊಟದ ಮೇಲೆ ನುಂಗಬೇಕು, ಜೊತೆಗೆ ಪ್ಯಾಂಟೊಪ್ರಝೋಲ್‌ನಂಥ ಗ್ಯಾಸ್ ಮಾತ್ರೆ ಇರಬಾರದು. ನಮ್ಮಲ್ಲಿ ಯಾವ ಚೀಟಿಯಲ್ಲಿ ಗ್ಯಾಸ್ ಮಾತ್ರೆ ಇರುವುದಿಲ್ಲ ಹೇಳಿ! ಟಿಬಿಯ ರಿಫಾಂಪಿಸಿನ್ ಇನ್ನೂ ನಡೆಯುತ್ತಿದ್ದರೆ ಅದು ಇಟ್ರಾಕೊನಝೋಲ್ ಮತ್ತು ವೋರಿಕೊನಝೋಲ್ ಎರಡನ್ನೂ ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟು ‘ಔಷಧ ಹಿಡಿಯುತ್ತಿಲ್ಲ’ ಎನ್ನುವುದರಲ್ಲಿ ಅರ್ಥವಿಲ್ಲ. ಕಾಲು ಊತ, ಹೃದಯ ವೈಫಲ್ಯ ಇದ್ದವರಿಗೆ ಇಟ್ರಾಕೊನಝೋಲ್ ಬೇಡ.

ಎಚ್‌ಐವಿ ಇರುವವರಲ್ಲಿ ತಲೆನೋವನ್ನು ಹಗುರವಾಗಿ ನೋಡಬಾರದು. ಪಾರಿವಾಳದ ಹಿಕ್ಕೆ, ಮರದ ಪೊಟರೆಯಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಉಸಿರಿನಿಂದ ಒಳಹೋಗಿ ಮೆದುಳಿನ ಪೊರೆಗೆ ಹತ್ತುತ್ತದೆ. ಎರಡು ವಾರ ಬಿಡದ ತಲೆನೋವು, ಸಣ್ಣ ಜ್ವರ, ವಾಂತಿ, ಆಮೇಲೆ ದೃಷ್ಟಿ ಮಂಜು. ಕುತ್ತಿಗೆ ಸೆಟೆಯದೆಯೂ ಇರಬಹುದು. ಸಿಡಿ4 ಎಣಿಕೆ 100ಕ್ಕಿಂತ ಕೆಳಗಿದ್ದರೆ ಲಕ್ಷಣ ಇರಲಿ ಬಿಡಲಿ ರಕ್ತದಲ್ಲಿ ಕ್ರಿಪ್ಟೋಕಾಕಲ್ ಆಂಟಿಜೆನ್ ನೋಡಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 200ಕ್ಕಿಂತ ಕೆಳಗಿರುವವರಲ್ಲೂ ನೋಡಬಹುದು. ಗರ್ಭ ಪರೀಕ್ಷೆಯ ಪಟ್ಟಿಯಂಥ ಪಟ್ಟಿ, ಹತ್ತು ನಿಮಿಷದಲ್ಲಿ ಉತ್ತರ. ಮೆದುಳಿಗೆ ಹತ್ತುವ ವಾರಗಳ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳುವುದೇ ಇದರ ಲಾಭ. ಪಾಸಿಟಿವ್ ಬಂದರೆ ಬೆನ್ನುನೀರು ತೆಗೆದು ನೋಡಿ, ಅದು ಶುದ್ಧವಿದ್ದರೆ ಫ್ಲುಕೊನಝೋಲ್ ಮಾತ್ರೆಯಲ್ಲೇ ತಡೆಯಬಹುದು. ಬೆನ್ನುನೀರಿನಲ್ಲೂ ಇದ್ದರೆ ಒತ್ತಡ ಅಳೆಯದೆ ಬಿಡಬಾರದು: 25 ಸೆಂ.ಮೀ. ಮೀರಿದ್ದರೆ 20-30 ಮಿ.ಲೀ. ಹೊರಬಿಟ್ಟು ಇಳಿಸಬೇಕು, ಅಗತ್ಯವಿದ್ದರೆ ದಿನಾ. ತಲೆನೋವು ಹೋಗುವುದು, ಕಣ್ಣು ಉಳಿಯುವುದು ಬಹುಮಟ್ಟಿಗೆ ಇದರಿಂದ. ‘ಬೆನ್ನಿಗೆ ಸೂಜಿ ಹಾಕಿದರೆ ಲಕ್ವ ಹೊಡೆಯುತ್ತದೆ’ ಎಂಬ ಹೆದರಿಕೆಯಿಂದ ಸಹಿ ಹಾಕದ ಮನೆಯವರಿಗೆ ಹೇಳುವುದಿಷ್ಟು: ಸೂಜಿ ಹೋಗುವ ಜಾಗದಲ್ಲಿ ಬೆನ್ನುಹುರಿಯೇ ಇರುವುದಿಲ್ಲ, ಅದು ಮೇಲೆಯೇ ಮುಗಿದಿರುತ್ತದೆ. 2022ರಿಂದ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಕ್ರಮದಲ್ಲಿ ಲೈಪೋಸೋಮಲ್ ಆಂಫೋಟೆರಿಸಿನ್ ಕಿಲೋಗೆ 10 ಮಿ.ಗ್ರಾಂ ಒಂದೇ ಬಾರಿ, ಜೊತೆಗೆ 14 ದಿನ ಫ್ಲುಸೈಟೋಸಿನ್ ಮತ್ತು ಫ್ಲುಕೊನಝೋಲ್. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ಇನ್ನೂ ಶುರುಮಾಡದವರಲ್ಲಿ ಅದನ್ನು ನಾಲ್ಕರಿಂದ ಆರು ವಾರ ಮುಂದೂಡಬೇಕು. ಅವಸರಪಟ್ಟರೆ ಮೆದುಳಿನ ಊತ ಹೆಚ್ಚಾಗಿ ಜೀವಕ್ಕೇ ಕುತ್ತು. ಈಗಾಗಲೇ ಎಆರ್‌ಟಿ ನುಂಗುತ್ತಿರುವವರು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಬಾಯಲ್ಲಿ ಕೂರುವ ಬಿಳಿ ಪದರ ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ. ಆಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯುವುದು, ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡುವುದು, ಇಷ್ಟರಲ್ಲೇ ಬಹಳಷ್ಟು ತಪ್ಪುತ್ತದೆ. ನುಂಗುವಾಗ ಎದೆಯಲ್ಲಿ ನೋವಾದರೆ ಅದು ಅನ್ನನಾಳಕ್ಕೆ ಇಳಿದಿದೆ, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಬೇಕು. ಐಸಿಯುನಲ್ಲಿ ಕಫದಲ್ಲಿ, ಕ್ಯಾತಿಟರ್ ಹಾಕಿದ ಮೂತ್ರದಲ್ಲಿ ಕ್ಯಾಂಡಿಡಾ ಬೆಳೆಯಿತೆಂದು ಔಷಧ ಶುರು ಮಾಡುವುದು ಹೆಚ್ಚಿನ ಸಲ ದಂಡ. ರಕ್ತದಲ್ಲಿ ಬೆಳೆದರೆ ಮಾತ್ರ ಯಾವತ್ತೂ ಕಡೆಗಣಿಸಬಾರದು. ಸಾಧ್ಯವಾದರೆ ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ಲೈನ್ ತೆಗೆಯಬೇಕು, ಕಣ್ಣಿನ ಹಿಂಪದರ ನೋಡಿಸಬೇಕು, ರಕ್ತ ಶುದ್ಧವಾದ ದಿನದಿಂದ 14 ದಿನ ಎಣಿಸಿ ಔಷಧ ಕೊಡಬೇಕು.

ಬೆಂಗಳೂರಿಗೆ ಹೋಗಿ ಕಿಮೊ ಹಾಕಿಸಿಕೊಂಡು ಬರುವವರು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ಬಿಳಿ ರಕ್ತಕಣ ತಳ ಮುಟ್ಟುವುದು ಸಾಮಾನ್ಯವಾಗಿ ಔಷಧ ಹೋದ 7ರಿಂದ 14ನೇ ದಿನದ ನಡುವೆ, ಅಂದರೆ ಅವರು ಊರಿಗೆ ಬಂದು ಮನೆಯಲ್ಲಿರುವಾಗ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಒಮ್ಮೆ ಮುಟ್ಟಿದರೂ, ಅಥವಾ 100.4 ಒಂದು ಗಂಟೆ ನಿಂತರೂ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಮೊದಲ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ನಾಲ್ಕರಿಂದ ಏಳು ದಿನ ಆಂಟಿಬಯೋಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ ಶಿಲೀಂಧ್ರದ ಕಡೆ ನೋಡುವ ಸಮಯ. ಕಿಡ್ನಿ ಕಸಿಯವರಿಗೆ ಎಚ್ಚರಿಕೆ ಬೇರೆ: ಹುಳುಕಡ್ಡಿಗೆಂದು ಕೊಟ್ಟ ಫ್ಲುಕೊನಝೋಲ್, ಇಟ್ರಾಕೊನಝೋಲ್ ಕೂಡ ಕಸಿಯನ್ನು ಮೈ ತಿರಸ್ಕರಿಸದಂತೆ ನುಂಗುವ ಟ್ಯಾಕ್ರೋಲಿಮಸ್ ಔಷಧದ ಮಟ್ಟವನ್ನು ಏರಿಸಿ ಕಸಿಗೆ ಹಾನಿ ಮಾಡುತ್ತವೆ. ವೋರಿಕೊನಝೋಲ್ ಜೊತೆ ಟ್ಯಾಕ್ರೋಲಿಮಸ್ ಅನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸುವುದು ಕ್ರಮ. ಸಕ್ಕರೆಗೆ ಗ್ಲಿಮೆಪಿರೈಡ್ ನುಂಗುವವರಿಗೆ ಫ್ಲುಕೊನಝೋಲ್ ಸೇರಿದರೆ ಶುಗರ್ ಕುಸಿದು ಬೆವರು, ತಲೆಸುತ್ತು. ಚರ್ಮದ ಡಾಕ್ಟರ ಮುಂದೆಯೂ ಎಲ್ಲ ಮಾತ್ರೆಗಳ ಚೀಟಿ ಹಿಡಿದು ಹೋಗಿ.

ಮನೆಯಲ್ಲಿ ಮಾಡಬೇಕಾದ್ದು ಕಡಿಮೆಯೇ. ಮೇಲೆ ಹೇಳಿದ ಗುಂಪಿನವರು ಒಕ್ಕಣೆ ಯಂತ್ರದ ಹತ್ತಿರ, ಹೊಟ್ಟು ತೂರುವ ಕಡೆ, ಮುಚ್ಚಿದ ಗೋದಾಮಿನಲ್ಲಿ, ತಿಪ್ಪೆ ಕೆದಕುವಲ್ಲಿ ಇರದಿದ್ದರೆ ಸಾಕು. ಹೋಗಲೇಬೇಕಾದರೆ ಎನ್95 ಮಾಸ್ಕ್, ಮೂಗಿನ ಮೇಲಿನ ತಂತಿ ಒತ್ತಿ ಹಾಕಿದ್ದು; ಮುಖಕ್ಕೆ ಸುತ್ತಿದ ಟವೆಲ್ ಎರಡು-ಮೂರು ಮೈಕ್ರಾನಿನ ಬೀಜಕ ತಡೆಯುವುದಿಲ್ಲ. ಕಸ ಗುಡಿಸುವ ಮುಂಚೆ ನೀರು ಚಿಮುಕಿಸಿ. ನೆಂದ ಮೆಕ್ಕೆಜೋಳವನ್ನು ರೋಗಿ ಮಲಗುವ ಕೋಣೆಯಲ್ಲಿ ಒಟ್ಟಬೇಡಿ. ಹೊಲದಲ್ಲಿ ಎಲೆ ಬಡಿದು ಕಣ್ಣು ಕೆಂಪಾದರೆ, ಇದು ಆರೋಗ್ಯವಂತರಿಗೂ ಹೇಳುವ ಮಾತು, ಅಂಗಡಿಯ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬೇಡಿ. ಶಿಲೀಂಧ್ರದ ಹುಣ್ಣಾಗಿದ್ದರೆ ಕೆಂಪು ಇಳಿದು ಕಣ್ಣೇ ಹೋಗುತ್ತದೆ.

ಆಡಳಿತದ ಮುಂದೆ ನಮ್ಮ ಬೇಡಿಕೆ ದೊಡ್ಡ ಕಟ್ಟಡವಲ್ಲ. ಎರಡೂ ಜಿಲ್ಲಾ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಗೆ ಮೊದಲ ಮೂರು ದಿನಕ್ಕಾಗುವಷ್ಟು, ಅಂದರೆ ಹದಿನೆಂಟು ವಯಲ್ ಲೈಪೋಸೋಮಲ್ ಆಂಫೋಟೆರಿಸಿನ್ ಸದಾ ದಾಸ್ತಾನಿರಲಿ. ಖರೀದಿ ಆದೇಶ ಬರುವ ತನಕ ಅಷ್ಟರಲ್ಲಿ ದೂಡಬಹುದು. ಎಆರ್‌ಟಿ ಕೇಂದ್ರದ ಮೇಜಿನ ಮೇಲೆ ಕ್ರಿಪ್ಟೋಕಾಕಲ್ ಪಟ್ಟಿ ಯಾವತ್ತೂ ಖಾಲಿಯಾಗದಿರಲಿ. ಔಷಧ ನಿಯಂತ್ರಣ ಇಲಾಖೆಯವರು ಸಂತೆಯ ಮಂಡಿನೋವಿನ ಪುಡಿಗಳ ಮಾದರಿ ತೆಗೆದು ಸ್ಟೀರಾಯ್ಡ್ ಪರೀಕ್ಷೆಗೆ ಕಳಿಸಲಿ, ಫಲಿತಾಂಶವನ್ನು ಪತ್ರಿಕೆಗೂ ಕೊಡಲಿ. ಮತ್ತೆ ಆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ: ಹುಳುಕಡ್ಡಿ ನೋಡಲೆಂದು ಚರ್ಮರೋಗ ವಿಭಾಗದಲ್ಲಿ ಅದರ ಬಾಟಲಿ ಹೇಗೂ ಇರುತ್ತದೆ. ರಾತ್ರಿ ಪಾಳಿಯ ಪ್ರಯೋಗಾಲಯದಲ್ಲೂ ಒಂದು ಇರಲಿ, ಅದನ್ನು ಬಳಸಿ ಸ್ಲೈಡ್ ನೋಡಬಲ್ಲವರ ಹೆಸರು ಪಾಳಿ ಪಟ್ಟಿಯಲ್ಲಿರಲಿ.

ಇಂತಿ,
ದಾವಣಗೆರೆ ಮತ್ತು ಚಿತ್ರದುರ್ಗದ ಕೆಲವು ವೈದ್ಯರು ಹಾಗೂ ಪ್ರಯೋಗಾಲಯ ತಂತ್ರಜ್ಞರು